ಕಂಬಳಿಯ ಮೇಲೆ ಕೂತು

ಕೊಬ್ಬರಿ ಎಣ್ಣೆಯ ವಾಸನೆ, ಅವ್ವ ತಲೆ ಬಾಚಿಕೊಂಡಳು ಅಂದರೆ ಹೊರಡುವ ಹೊತ್ತಾಯಿತು, ಹೊರಗೆ ನಮ್ಮಣ್ಣ ಓಬಳೇಶ ಕಾರಿನ ಗಾಜು ಒರೆಸುತ್ತ ಸಿಳ್ಳೆ ಹಾಕುತ್ತಿದ್ದಾನೆ, ಭರಮಸಾಗರದ ನಾಗಶ್ರೀ ಮನೆಗೆ ಮದುವೆಯ ವೀಳ್ಯ ಬದಲಾಯಿಸಲು ಹೋಗುತ್ತಿರುವುದು ನನಗಾಗಿ, ಸಂಭ್ರಮ ಮಾತ್ರ ಪೂರಾ ಅವನದೇ — ಅಗೋ, ಅವ್ವ ಕರಿ ಕಂಬಳಿ ಎಳೆದು ನಡುಮನೆಯಲ್ಲಿ ಹಾಸೇಬಿಟ್ಟಳು, ಆಯಿತು, ಸಿಕ್ಕಿಬಿದ್ದೆ. ನಮ್ಮ ಮನೆಯಲ್ಲಿ ಶುಭಕಾರ್ಯಕ್ಕೆ ಹೊರಡುವ ಮುಂಚೆ ಎಲ್ಲರೂ ಆ ಕಂಬಳಿಯ ಮೇಲೆ ಕೂರಬೇಕು, ಕೂತವರು ಸುಳ್ಳು ಹೇಳುವಂತಿಲ್ಲ, ಮುಚ್ಚಿಡುವಂತಿಲ್ಲ, ಕುರಿ ಕಾಯ್ದ ತಾತಂದಿರ ಕಾಲದ ಕಟ್ಟು. ಅದಕ್ಕೇ, ಚಿತ್ರದುರ್ಗದ ಡಾಕ್ಟರಮ್ಮ ನಿಮಗಿರೋದು ಬೈಪೋಲಾರ್ ಅಂದ ದಿನದಿಂದ ನಾನು ಅದರ ಅಂಚೂ ತುಳಿದಿಲ್ಲ, ಹಬ್ಬಕ್ಕೆ ನಿಂತೇ ಕೈಮುಗಿದೆ, ಅಕ್ಕನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಕಾಲು ಉಳುಕಿದೆ ಅಂದೆ, ಪಾಪ ಅವ್ವ ತಾನೇ ಒಂದು ಕಾರಣ ಹುಡುಕಿಕೊಂಡಳು, ನನ್ನ ಮಗನ ಮೈಗೆ ಉಣ್ಣೆ ಆಗಿಬರಲ್ಲ ಕಣ್ರಿ, ಕಡಿತ, ಅಂತ ಬೀದಿಗೆಲ್ಲ ಹೇಳಿ ಬೇವಿನೆಣ್ಣೆ ತಂದು ಬೆನ್ನಿಗೆ ತಿಕ್ಕಿದಳು — ಕುರಿಯವರ ಮನೆಯಲ್ಲಿ ಉಣ್ಣೆ ಆಗದ ಗಂಡು! ಐಮಂಗಲದಲ್ಲಿ ನನ್ನಷ್ಟು ಬೇವು ನಾರಿದವನು ಇನ್ನೊಬ್ಬನಿಲ್ಲ, ಸುಮ್ಮನೆ ತಿಕ್ಕಿಸಿಕೊಂಡೆ.

ನಾಗಶ್ರೀಗೆ ಗೊತ್ತು, ಫೋನಿನಲ್ಲಿ ಹೇಳಿದಾಗ ಅವಳು ಬೆಚ್ಚಲಿಲ್ಲ, ಹುಷಾರಿಲ್ದಾಗ ಹೆಂಗಿರ್ತೀರಾ, ಬಿಡಿಸಿ ಹೇಳ್ರಿ ಅಂದಳು, ಎಲ್ಲ ಕೇಳಿಸಿಕೊಂಡು, ನಿಮ್ಮವ್ವಗೆ ಹೇಳದೆ ವೀಳ್ಯ ತರಬೇಡ್ರಿ, ನಂಗೆ ಗೊತ್ತಿದ್ದು ಅವರಿಗೆ ಗೊತ್ತಿಲ್ದಿದ್ರೆ ಆ ಮನೇಲಿ ನಾನು ಹೆಂಗೆ ಬಾಳಲಿ ಅಂದಳು, ಸರಿಯಾಗೇ ಅಂದಳು, ಆದರೆ ಅವ್ವ ಹುಚ್ಚು ಅಂದುಬಿಟ್ಟರೆ, ನಾಳೆಯಿಂದ ಊಟಕ್ಕೆ ಕರೆಯುವ ದನಿಯೇ ಬದಲಾಗಿಬಿಟ್ಟರೆ, ಭಯ, ನಿಜವಾಗಿ ಭಯ — ಬಾರೋ ದುರುಗ, ಇವತ್ತೊಂದಿನ ಕಡಿದ್ರೆ ಕಡೀಲಿ, ಕುಂತ್ಕ, ಅಂದಳು ಅವ್ವ. ಕೂತೆ. ಇಷ್ಟು ದಿನದ ಮೇಲೆ ಚುಚ್ಚುವುದೂ ನಿಜವೇ, ನಗು ಬಂತು, ಆ ನಗುವಿನ ಜೊತೆಯಲ್ಲೇ ಮಾತೂ ಬಂದುಬಿಟ್ಟಿತು, ಅವ್ವ, ನಂಗೆ ಉಣ್ಣೆ ಕಡಿಯಲ್ಲ. ಮತ್ತೇನೋ? ಮನಸಿನ ಕಾಯಿಲೆ ಐತೆ, ಒಂದೊಂದ್ಸಲ ಮನಸು ಹಾರಾಡ್ತೈತೆ, ನಿದ್ದೆನೇ ಬೇಡ, ಆಗಲೇ ಪಕ್ಕದ ಹಟ್ಟಿ ಪಾಪಣ್ಣನ ಕುರಿಗೂ ನಮ್ಮ ಕೆಂಪು ಗುರುತು ಬಳಿದು ಬಂದಿದ್ದು, ಒಂದೊಂದ್ಸಲ ಎದ್ದು ಮುಖ ತೊಳೆಯಾಕೂ ಆಗಲ್ಲ, ನೀನು ಕಾಮಾಲೆ ಅಂತ ಬೇರು ಅರೆದು ಕುಡಿಸಿದ್ಯಲ್ಲ, ಆಗ. ಮಾತ್ರೆ ತಗಂತಿದೀನಿ, ಆರಾಮಾಗಿದೀನಿ, ದಿನಾ ತಗಬೇಕು. ಸಿಳ್ಳೆ ನಿಂತಿದೆ, ಅಣ್ಣ ಒರೆಸುವ ಬಟ್ಟೆ ಹಿಡಿದು ಬಾಗಿಲಲ್ಲಿದ್ದಾನೆ, ಪಾಪಣ್ಣನ ಹತ್ರ ಬೈಸ್ಕಂಡಿದ್ದು ನಾನಲ್ಲೇನೋ, ಅನ್ನುತ್ತಾನೆ, ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯದು, ಏನಾದರೂ ಅನ್ನವ್ವ, ಬೈದಾದರೂ ಬಿಡು — ಬೆನ್ನಿಗೆ ಒಂದು ಗುದ್ದು ಬಿತ್ತು, ಲೇ, ಅಷ್ಟು ಬೇವಿನೆಣ್ಣೆ ದಂಡ ಮಾಡ್ಸಿದ್ಯಲ್ಲೋ! ಗುದ್ದಿದ ಕೈ ಬೆನ್ನ ಮೇಲೆಯೇ ಉಳಿಯಿತು, ಸವರಿತು, ಇಷ್ಟು ದಿನ ಒಬ್ನೇ ಹೆಂಗೆ ಇಟ್ಕಂಡಿದ್ಯೋ ನನ್ನಪ್ಪ, ಅಷ್ಟೇ, ಎದೆಯ ಮೇಲಿನ ಮಣಭಾರ ಇಳಿಯಿತು, ಅದೇ ದನಿ, ಊಟಕ್ಕೆ ಕರೆಯುವ ಅದೇ ದನಿ. ಮಾತ್ರೆ ಎಲ್ಲಿಕ್ಕಿದೀಯ? ಸ್ಕೂಟರ್ ಡಿಕ್ಕಿಯಾಗೆ. ಬಿಸ್ಲಿಗೆ ಕೆಡಲ್ವೇನೋ, ತಗಂಬಾ. ಓಡಿ ತಂದೆ, ಅವ್ವ ಗೋಡೆಯ ಗೂಡಿನಲ್ಲಿದ್ದ ಬಾಚಣಿಗೆ ಸರಿಸಿದಳು, ದೇವರ ಭಂಡಾರದ ಅರಿಶಿನದ ಡಬ್ಬಿ ಸರಿಸಿದಳು, ಮಾತ್ರೆಯ ಹಾಳೆಯನ್ನು ಬಾಗಿಲಿಗೆ ಎದುರಾಗಿ, ಯಾರು ಬಂದರೂ ಕಾಣುವ ಹಾಗೆ ನಿಲ್ಲಿಸಿದಳು, ಯಾರಾದ್ರೂ ಕೇಳಿದ್ರೆ ಅವ್ವ? ಕೇಳ್ಲಿ ಬಿಡು, ನನ್ನ ಮಗಂದು ಅಂತೀನಿ. ಅಣ್ಣ ಹಾರನ್ ಹೊಡೆಯುತ್ತಿದ್ದಾನೆ, ಹೋಗಾಣ ಬರ್ರೋ, ನಾಗಶ್ರೀ ಕಾಯುತ್ತಿರುತ್ತಾಳೆ, ಹೋಗಬೇಕು, ಕಾಲು ಮಾತ್ರ ಏಳುತ್ತಿಲ್ಲ, ಗೂಡಿನಲ್ಲಿ ಹೊಳೆಯುವ ಹಾಳೆ, ಅದರ ಮೇಲೆ ಭಂಡಾರ ಅಂಟಿದ ಅವ್ವನ ಹೆಬ್ಬೆಟ್ಟಿನ ಗುರುತು, ಹಳದಿ, ಅವ್ವನ ಹೆಬ್ಬೆಟ್ಟು —