ಮೇಡಂ ಅವರ ನೀಲಿ ಟೋಪಿ

ನಮ್ಮ ಮನೆಯಲ್ಲಿ ತಲೆನೋವನ್ನು ಅಳೆಯುವುದು ಟೇಪಿನಲ್ಲಿ. ನಾನು ದರ್ಜಿ, ಟೇಪು ಹೇಗೂ ಕೊರಳಲ್ಲೇ ಇರುತ್ತದೆ. ಬೆಳಿಗ್ಗೆ ಅದನ್ನು ಮಗಳ ಮುಂದೆ ಹಿಡಿದರೆ ಅವಳು ಅರೆಗಣ್ಣಲ್ಲಿ ಒಂದು ಅಂಕಿಯ ಮೇಲೆ ಬೆರಳಿಡುತ್ತಾಳೆ. ಎರಡು ಇಂಚಾದರೆ ಶಾಲೆ. ಐದಾದರೆ ಮಾತ್ರೆ, ಪರದೆ ಎಳೆದ ಕೋಣೆ. ಹತ್ತು ದಾಟಿದರೆ ಆಸ್ಪತ್ರೆ.

ಹದಿಮೂರರ ಈ ಮಗಳನ್ನು ನಾವು ಕರೆಯುವುದು ಮೇಡಂ ಅಂತ. ಎರಡು ನಿಮಿಷ ಅವಳ ಮಾತು ಕೇಳಿದವರು ಯಾಕೆಂದು ಕೇಳುವುದಿಲ್ಲ. ಹುಟ್ಟಿದಾಗಿನಿಂದ ಅವಳ ತಲೆಯೊಳಗೆ ನೀರು ತುಂಬಿಕೊಳ್ಳುತ್ತದೆ. ಅದನ್ನು ಹೊಟ್ಟೆಗೆ ಇಳಿಸಲು ಚರ್ಮದಡಿಯಲ್ಲಿ ಒಂದು ಸಣ್ಣ ಕೊಳವೆ ಇದೆ. ಶಂಟ್ ಅನ್ನುತ್ತಾರೆ. ಬಲಗಿವಿಯ ಹಿಂದೆ ಉಬ್ಬಿಕೊಂಡಿರುವುದು ಅದರ ವಾಲ್ವು. ನೀರು ಎಷ್ಟು ಇಳಿಯಬೇಕು ಅನ್ನುವುದು ಅದರ ಕೈಯಲ್ಲಿದೆ. ಕೊಳವೆ ಕಟ್ಟಿಕೊಂಡು ನಾಲ್ಕು ಸಲ ಆಪರೇಷನ್ ಆಗಿದೆ, ನಾಲ್ಕು ಸಲವೂ ತಲೆ ಬೋಳಿಸಿದ್ದಾರೆ. ಮೊನ್ನೆ ಮೊನ್ನೆ ಮೊದಲ ಬಾರಿಗೆ ಕೂದಲು ಭುಜ ಮುಟ್ಟಿತ್ತು. ದಿನಕ್ಕೆ ಹತ್ತು ಸಲ ಕನ್ನಡಿ ನೋಡುತ್ತಿದ್ದಳು.

ಚಳಿಗಾಳಿ ತಾಗಿದರೆ ಕೊಳವೆ ಇರುವ ಕಡೆಯೆಲ್ಲ ಸೆಳೆತ. ಅದಕ್ಕೇ ಕಿವಿ ಮುಚ್ಚುವ ಹಾಗೆ ನೀಲಿ ಟೋಪಿ ಹೊಲಿದೆ. ಎಲಾಸ್ಟಿಕ್ ಹಾಕಿದರೆ ಒತ್ತುತ್ತದೆ. ಒತ್ತುಗುಂಡಿ ಹಾಕಿದರೆ ಆ ಉಬ್ಬಿನ ಮೇಲೇ ಬೆರಳು ಊರಬೇಕು. ಯೋಚಿಸಿ ಯೋಚಿಸಿ, ಹೆಂಗಸರ ಪರ್ಸಿಗೆ ಹಾಕುವ, ಹತ್ತಿರ ತಂದರೆ ತಾನೇ ಕಚ್ಚಿಕೊಳ್ಳುವ ಗುಂಡಿಯನ್ನು ಕಿವಿಯ ಹಿಂದೆ ಕೂರಿಸಿದೆ.

"ಒಂಚೂರೂ ನೋವಾಗಲ್ಲ ಅಪ್ಪ," ಅಂದಳು. ಮನೆಯೊಳಗೂ ಅದನ್ನು ತೆಗೆಯಲಿಲ್ಲ.

ವಾರ ಕಳೆಯುವಷ್ಟರಲ್ಲಿ ಬೆರಳು ಆರಕ್ಕೆ ಹೋಯಿತು, ಆಮೇಲೆ ಒಂಬತ್ತಕ್ಕೆ. ಹತ್ತನೇ ದಿನ ವಾಂತಿ ಮಾಡಿಕೊಂಡು ಹನ್ನೊಂದು ತೋರಿಸಿದಳು.

ಸ್ಕ್ಯಾನ್ ನೋಡಿದ ಡಾಕ್ಟರು, "ನೀರು ಜಾಸ್ತಿಯಾಗಿದೆ. ಮತ್ತೆ ಕಟ್ಟಿಕೊಂಡ ಹಾಗಿದೆ. ನಾಳೆ ಬೆಳಿಗ್ಗೆ ಆಪರೇಷನ್ ಮಾಡೋಣ," ಅಂದರು.

ಮೇಡಂ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಪ್ಪ, ಈ ಸಲ ಒಂದೇ ಕಡೆ ಬೋಳಿಸೋಕೆ ಹೇಳು. ಫ್ಯಾಷನ್ ಅಂತ ಹೇಳ್ಕೋತೀನಿ."

ಟಿಕೆಟ್ ಕೌಂಟರಿನ ಕೆಲಸದಿಂದ ಯೂನಿಫಾರ್ಮಿನಲ್ಲೇ ಓಡಿಬಂದಿದ್ದ ಅವಳಮ್ಮ ಕಿಟಕಿಯ ಕಡೆ ತಿರುಗಿ ನಿಂತಳು.

ಜ್ವರ ನೋಡಲು ಬಂದ ನರ್ಸು ಟೋಪಿ ತೆಗೆದು ಮಂಚದ ಮೇಲಿಟ್ಟರು. ಅದು ಜಾರಿ, ಟಕ್ ಅಂತ ಕಬ್ಬಿಣದ ಕಂಬಿಗೆ ಕಚ್ಚಿಕೊಂಡು ನೇತಾಡಿತು.

"ಏನಿಟ್ಟಿದ್ದೀರಿ ಇದರಲ್ಲಿ?"

"ಗುಂಡಿ," ಅಂದೆ. ಅಂದವನು ಅದನ್ನು ಕಂಬಿಯಿಂದ ಕಿತ್ತು ಮಗಳಿಂದ ದೂರ ಹಿಡಿದೆ.

ಅಯಸ್ಕಾಂತ ಹತ್ತಿರ ಬಂದರೆ ವಾಲ್ವು ತಿರುಗಿಬಿಡಬಹುದು ಎಂದು ಅದನ್ನು ಹಾಕಿದ ದಿನವೇ ಹೇಳಿದ್ದರು. ಒಳಗೆ ಅಯಸ್ಕಾಂತವಿದೆ ಅಂತ ಮನೆಯಿಂದ ಸ್ಪೀಕರನ್ನೇ ಹೊರಗೆ ಹಾಕಿದವನು ನಾನು. ಅಂಗಡಿಯಲ್ಲಿ ಬಿದ್ದ ಗುಂಡುಸೂಜಿ ಹೆಕ್ಕುವ ಅಯಸ್ಕಾಂತವನ್ನು ಹೊರಗಿನ ಮೊಳೆಗೆ ತೂಗುಹಾಕಿದವನೂ ನಾನೇ. ಆದರೆ ಇಪ್ಪತ್ತು ವರ್ಷದಿಂದ ಗುಂಡಿಗಳ ಡಬ್ಬದಲ್ಲಿ ಇರುವುದೆಲ್ಲ ನನಗೆ ಗುಂಡಿಯೇ.

ಡಾಕ್ಟರು ಉಪಕರಣ ತಂದು ಕಿವಿಯ ಹಿಂದೆ ಹಿಡಿದು ನೋಡಿದರು. ವಾಲ್ವು ಬಿಗಿಯಾಗಿ ತಿರುಗಿಕೊಂಡು ನೀರನ್ನು ತಡೆದಿತ್ತು. "ಹೊರಗಿನಿಂದಲೇ ಸರಿ ಮಾಡಬಹುದು. ನಾಳೆಯೊಳಗೆ ನೋವು ಇಳಿಯದಿದ್ದರೆ ಮಾತ್ರ ಆಪರೇಷನ್," ಎಂದು ಆ ಉಪಕರಣದಿಂದಲೇ ವಾಲ್ವನ್ನು ಮೊದಲಿನ ಅಳತೆಗೆ ತಿರುಗಿಸಿದರು.

ಮರುದಿನ ಬೆಳಿಗ್ಗೆ ಟೇಪು ಹಿಡಿದೆ. ಬೆರಳು ಏಳರ ಮೇಲೆ ನಿಂತಿತು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಇಂಚಿಗೆ ಇಳಿಯಿತು. ಡಾಕ್ಟರು ಇನ್ನೊಮ್ಮೆ ಸ್ಕ್ಯಾನ್ ನೋಡಿ, "ಮನೆಗೆ ಹೋಗಿ," ಅಂದರು.

"ತಪ್ಪು ನಂದು ಮೇಡಂ," ಅಂದೆ.

ಅವಳು ದಿಂಬಿಗೆ ಒರಗಿ ಎದ್ದು ಕೂತಳು. "ಅಂದ್ರೆ ನನ್ನ ತಲೆ ಕೆಡಿಸಿದ್ದು ನೀನು."

"ಹೂಂ."

"ಇಷ್ಟು ವರ್ಷ ತಲೆ ತಿಂತೀಯ ಅಂತ ನೀನೇ ನನ್ನ ಬೈತಿದ್ದೆ."

"ಹೂಂ."

"ಟೋಪಿ ಮಾತ್ರ ಬಿಸಾಡಬೇಡ. ನಂಗದು ಬೇಕು."

ಮನೆಗೆ ಬಂದ ಮೂರನೇ ದಿನ ಅಂಗಡಿಗೆ ಬಂದು ಗುಂಡಿಯ ಡಬ್ಬ ತರಿಸಿಕೊಂಡಳು. ತಾನು ದೂರ ಕೂತು, ನನ್ನ ಕೈಯಲ್ಲಿ ಒಂದೊಂದಕ್ಕೂ ಗುಂಡುಸೂಜಿ ಹಿಡಿಸಿದಳು. ಸೂಜಿ ಎಳೆದುಕೊಂಡದ್ದೆಲ್ಲ ಬೀದಿಯಾಚೆ ಪರ್ಸ್ ಹೊಲಿಯುವವನ ಪಾಲಾಯಿತು. ಟೋಪಿಯ ಗುಂಡಿಯನ್ನು ನಾನು ಬಿಚ್ಚಿದೆ. ಅಲ್ಲಿ ಬಟ್ಟೆಯ ದಾರ ಕೂರಿಸಿದವಳು ಅವಳು; ಹೊಲಿಗೆಗೆ ಅರ್ಧ ಇಂಚು ಬಿಟ್ಟು ಕತ್ತರಿಸು ಅಂತಷ್ಟೇ ನಾನು ಹೇಳಿದ್ದು. ಹೊಲಿಗೆ ಸೊಟ್ಟಗೆ ಓಡಿದೆ. ಬೇರೆ ಯಾರಾದರೂ ಹೊಲಿದಿದ್ದರೆ ಬಿಚ್ಚಿಸುತ್ತಿದ್ದೆ.

ನೋವು ಪೂರ್ತಿ ಹೋಗಿಲ್ಲ, ಹೋಗುವಂಥದ್ದೂ ಅಲ್ಲ. ಈ ಬೆಳಿಗ್ಗೆ ಟೇಪು ಹಿಡಿದೆ. ಬೆರಳು ಎರಡನ್ನು ದಾಟಿ ನಿಂತಿತು.

"ಎರಡೂವರೆ," ಅಂದಳು.

"ಶಾಲೆ ಎರಡಕ್ಕಲ್ವಾ ಮೇಡಂ? ಮಲಗಿರು."

"ಅರ್ಧ ಇಂಚು ಹೊಲಿಗೆಗೆ ಹೋಗುತ್ತೆ ಬಿಡಪ್ಪ," ಎಂದು ಟೋಪಿಯ ದಾರ ಕಟ್ಟಿಕೊಳ್ಳುತ್ತಾ ಚಪ್ಪಲಿ ಹುಡುಕಿದಳು.