ಬೀಪಿನಡಿಯ ಬೆವರು

ನನ್ನ ತಮ್ಮನ ಬಾಯಿಂದ ಇವತ್ತಿನವರೆಗೆ ಒಂದೇ ಒಂದು ಕೆಟ್ಟ ಮಾತು ಬಂದದ್ದನ್ನು ನಾನು ಕೇಳಿಲ್ಲ. ಒಮ್ಮೆ ಇಸ್ತ್ರಿ ಪೆಟ್ಟಿಗೆ ಕಾಲ ಮೇಲೆ ಬಿದ್ದಾಗಲೂ ಅವನು ಅಂದದ್ದು "ಅಯ್ಯೋ, ಸಾರಿ" ಅಂತ. ಪೆಟ್ಟಿಗೆಗೆ ಹೇಳಿದನೋ ಕಾಲಿಗೆ ಹೇಳಿದನೋ ತಿಳಿಯಲಿಲ್ಲ. ಇಂಥವನನ್ನು ಪಾರ್ಟಿ ರ್‍ಯಾಪಿನ ಮಹಾ ಹೊಲಸುಬಾಯಿ ಎಂದು ಜನ ಎಂಟು ತಿಂಗಳು ತಲೆಯ ಮೇಲೆ ಹೊತ್ತು ಮೆರೆಸಿದರು. ಅವರಿಗೆ ಬೇರೆ ಕೆಲಸವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಇದ್ದರೂ ಮಾಡುತ್ತಿರಲಿಲ್ಲ, ಅಷ್ಟೆ.

ನಮ್ಮದು ಇಸ್ತ್ರಿ ಅಂಗಡಿ. ಮುಂದೆ ಬೀದಿ, ಹಿಂದೆ ಎರಡು ಕೋಣೆಯ ಮನೆ. ಅಮ್ಮ ಇಸ್ತ್ರಿ ಮಾಡುತ್ತಾಳೆ, ತಮ್ಮ ನೀರು ಚಿಮುಕಿಸಿ ಕೊಟ್ಟು, ಆದದ್ದನ್ನು ಮಡಚಿಡುತ್ತಿದ್ದ, ನಾನು ಬಟ್ಟೆ ತೆಗೆದುಕೊಂಡು ಗುರುತಿನ ಚೀಟಿ ಚುಚ್ಚುತ್ತೇನೆ. ಅಮ್ಮನದು ಒಂದೇ ಕಾನೂನು: ಇನ್ನೊಬ್ಬರ ಬಟ್ಟೆ ಕೈಯಲ್ಲಿರುವಾಗ ಬಾಯಲ್ಲಿ ಹೊಲಸು ಇರಬಾರದು. ನಮ್ಮ ಕೈಯಲ್ಲಿ ಯಾವಾಗಲೂ ಇನ್ನೊಬ್ಬರ ಬಟ್ಟೆಯೇ ಇರುತ್ತಿದ್ದುದರಿಂದ ನಮಗೆ ಬೈಯಲು ಬಿಡುವೇ ಸಿಗಲಿಲ್ಲ. ನಾನು ಹೇಗೋ ಹೊರಗಡೆ ಕಲಿತುಕೊಂಡೆ. ತಮ್ಮ ಕಲಿಯಲೇ ಇಲ್ಲ.

ಅವನು ಕಲಿತದ್ದು ತಾಳ. ಇಸ್ತ್ರಿ ಮೇಜಿನ ಮೇಲೆ ಪೆಟ್ಟಿಗೆ ಕುಕ್ಕಿದಾಗ ಒಂದು ಪೆಟ್ಟು, ಒದ್ದೆ ಬಟ್ಟೆ 'ಚುಯ್' ಅಂದಾಗ ಇನ್ನೊಂದು. ಅದಕ್ಕೆ ಹೊಂದಿಸಿ ಮಾತು ಪೋಣಿಸುತ್ತಿದ್ದ. ಸ್ನೇಹಿತರ ಹುಟ್ಟುಹಬ್ಬದ ಪಾರ್ಟಿಗಳಲ್ಲಿ ಹಾಡಿ ಎಲ್ಲರನ್ನೂ ಕುಣಿಸುತ್ತಿದ್ದ. ಒಂದು ದಿನ ಅಮ್ಮನ ಅಂಗಡಿಯ ಮೇಲೆಯೇ ಹಾಡು ಕಟ್ಟಿ, ಅಮ್ಮ ಪೇಟೆಗೆ ಹೋದ ಹೊತ್ತಿನಲ್ಲಿ ನನಗೆ ಕೇಳಿಸಿದ.

"ಬಿಳಿ ಬಿಳಿ ಅಂಗಿ, ಒಳಗೆಲ್ಲ ಬೆವರು,
ಗರಿ ಗರಿ ನಿಂತ್ರೆ ಎಲ್ಲಾರೂ ದೇವರು!"

"ಚೆನ್ನಾಗಿದೆ ಕಣೋ, ಅಮ್ಮನಿಗೂ ಕೇಳ್ಸು" ಅಂದೆ.

"ಈಗ ಬೇಡ ಅಕ್ಕಾ. ರೇಡಿಯೋದಲ್ಲಿ ಬಂದಾಗಲೇ ಅಮ್ಮ ಮೊದಲ ಸಲ ಕೇಳ್ಬೇಕು" ಅಂದ. ಅವನ ಎಲ್ಲ ಕಷ್ಟಕ್ಕೂ ಈ ಆಸೆಯೇ ಮೂಲ.

ಹಾಡಿನ ಕಂಪನಿಗೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿದ್ದವನಿಗೆ ನಾವು ಇಟ್ಟ ಹೆಸರು ಕಪ್ಪು ಕನ್ನಡಕ. ಕಿಟಕಿಯೇ ಇಲ್ಲದ ಕೋಣೆಯಲ್ಲೂ ಅವನು ಅದನ್ನು ತೆಗೆಯುತ್ತಿರಲಿಲ್ಲ. ಕುರ್ಚಿ ಹುಡುಕಲು ಕೈಯಾಡಿಸುತ್ತಿದ್ದ. ಹಾಡು ಕೇಳಿ ಮೂಗು ಮುರಿದ.

"ತಾಳ ಬೆಂಕಿ. ಆದ್ರೆ ಬೆವರಾ? ಪಾರ್ಟಿಗೆ ಬರೋರು ಮೈತುಂಬ ಸೆಂಟ್ ಹೊಡ್ಕೊಂಡು ಬರ್ತಾರೆ ಕಣಯ್ಯಾ. ನೀನು ಅದನ್ನೇ ಎತ್ತಿ ಆಡ್ತೀಯಲ್ಲ!"

ಆಮೇಲೆ ಯಂತ್ರದ ಮುಂದೆ ಕೂತು ಏನೋ ಒತ್ತಿದ. "ಬಿಳಿ ಬಿಳಿ ಅಂಗಿ, ಒಳಗೆಲ್ಲ ಬೀ...ಪ್." ಬೆವರು ಮಾಯ. ಕನ್ನಡಕದವನು ಕೂತಲ್ಲೇ ಕುಣಿದ.

"ಸಾರ್, ಜನ ಏನೋ ಕೆಟ್ಟದ್ದು ಅಂದ್ಕೋತಾರೆ" ಅಂದ ತಮ್ಮ.

"ಅಂದ್ಕೊಳ್ಳಲಿ! ಅದಕ್ಕೇ ತಾನೆ ಪಾರ್ಟಿ?"

ಬೀಪಿನ ಕೆಳಗೆ ಏನಿದೆ ಎಂದು ಹೊರಗೆ ಯಾರ ಹತ್ತಿರವೂ ಬಾಯಿ ಬಿಡಬಾರದು ಎಂಬ ಷರತ್ತಿಗೆ ತಮ್ಮ ಒಪ್ಪಿಕೊಂಡ. ರೇಡಿಯೋದಲ್ಲಿ ಬರುತ್ತದೆ ಎಂದರೆ ಅವನು ಆವತ್ತು ತಲೆ ಬೋಳಿಸಿಕೊಳ್ಳಲಿಕ್ಕೂ ಒಪ್ಪುತ್ತಿದ್ದ. ಆ ಬೀಪನ್ನು ಮೊದಲು ಕೇಳುವ ಕಿವಿ ಯಾವುದು ಎಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಅಂಗಡಿಯ ರೇಡಿಯೋ ಹಾಕಿದೆವು. ಅಮ್ಮ ಬ್ಯಾಂಕ್ ಮ್ಯಾನೇಜರರ ಅಂಗಿ ಉಜ್ಜುತ್ತಿದ್ದಳು. ಮಗನ ದನಿ ಬಂದೊಡನೆ ಮುಖ ಅರಳಿತು. ಅಂಗಿ ಅಂದಾಗ ಇನ್ನೂ ಅರಳಿತು. ಬೀಪ್ ಬಂತು. ಪೆಟ್ಟಿಗೆ ಇದ್ದಲ್ಲೇ ನಿಂತಿತು. ಹೊಗೆ ಬಂದ ಮೇಲೆ ನಾನೇ ಓಡಿ ಎತ್ತಿದೆ. ಅಮ್ಮನ ಕೈಯಲ್ಲಿ ಸುಟ್ಟ ಮೊದಲ ಅಂಗಿ ಅದು.

"ಅದು ಬೆವರು ಅಮ್ಮಾ! ಬೆವರು ಅಂತ ಹಾಡಿದ್ದು!" ತಮ್ಮ ಕೈ ಮುಗಿಯುವುದೊಂದು ಬಾಕಿ.

"ಬೆವರು ಅಂದ್ರೆ ಯಾರಾದ್ರೂ ಬೀಪ್ ಹಾಕ್ತಾರೇನೋ? ನನ್ನ ಕಿವಿ ಮೇಲೆ ಹೂವಿಡ್ತೀಯಾ?"

"ನಿಜ ಅಮ್ಮಾ, ನಾನೂ ಕೇಳಿದ್ದೀನಿ" ಅಂದೆ.

"ನೀನು ಸುಮ್ನಿರು. ಚಿಕ್ಕಂದಿನಿಂದ ಅವನ ಪರ ವಕಾಲತ್ತು ಮಾಡ್ಕೊಂಡೇ ಬಂದಿದ್ದೀಯ."

ಅವತ್ತಿನಿಂದ ಅಮ್ಮ ಅವನ ಜೊತೆ ಮಾತು ಬಿಟ್ಟಳು. ಹೇಳಬೇಕಾದ್ದೆಲ್ಲ ನನ್ನ ಮೂಲಕ. ಅವನು ಎದುರಿಗೇ ಕೂತಿದ್ದರೂ "ನಿನ್ನ ತಮ್ಮನಿಗೆ ಹೇಳು, ಊಟ ಆರಿ ಹೋಗ್ತಿದೆ" ಅನ್ನುತ್ತಿದ್ದಳು. ನಾನು ಅವನ ಕಡೆ ತಿರುಗಿ "ಊಟ ಆರಿ ಹೋಗ್ತಿದೆಯಂತೆ" ಅನ್ನುತ್ತಿದ್ದೆ. ಅವನು "ಬಂದೆ ಅಂತ ಹೇಳಕ್ಕಾ" ಅನ್ನುತ್ತಿದ್ದ. ಎರಡು ಕೋಣೆಯ ಮನೆಯಲ್ಲಿ ನಾನು ಟೆಲಿಫೋನ್ ತಂತಿಯಾದೆ.

ಹೊರಗೆ ಹಾಡು ಹಬ್ಬಿತು. ದೇವರು ಅನ್ನುವುದಕ್ಕೆ ಪ್ರಾಸ ಯಾವುದು ಎಂದು ಮೂರನೇ ಕ್ಲಾಸಿನ ಮಗುವೂ ಹೇಳೀತು. ಆದರೆ ಬೀಪ್ ಕೇಳಿದ ಮೇಲೆ ಯಾರಿಗೂ ಪ್ರಾಸ ಬೇಕಾಗಲಿಲ್ಲ. ಕಂಪನಿ ತಮ್ಮನಿಗೆ 'ಬಾಯಿಬಾಂಬ್' ಎಂದು ಹೆಸರಿಟ್ಟಿತು. ಕೊರಳಿಗೆ ಹಿತ್ತಾಳೆಯ ಸರ ಬಂತು; ಅದರ ಪಾಚಿಬಣ್ಣ ಕುತ್ತಿಗೆಗೆ ಹತ್ತಿತು. ಬಾಡಿಗೆಯ ಉದ್ದ ಕಾರು ನಮ್ಮ ಬೀದಿಯ ತಿರುವಿನಲ್ಲಿ ತಿರುಗಲಾರದೆ, ಮಹಾ ಕಲಾವಿದ ಇಳಿದು ಹಿಂದಿನಿಂದ ತಳ್ಳುತ್ತಿದ್ದ. ಸಂದರ್ಶನಗಳಲ್ಲಿ "ಆ ಮಾತು ಯಾವುದು?" ಎಂದು ಕೇಳಿದಾಗ ಒಂದು ಕಡೆಯ ತುಟಿಯಲ್ಲಿ ನಗಬೇಕೆಂದು ಹೇಳಿಕೊಟ್ಟಿದ್ದರು. ಅವನು ನಕ್ಕರೆ ಹಲ್ಲುನೋವಿನವನ ಹಾಗೆ ಕಾಣುತ್ತಿತ್ತು. ಜನ ಅದನ್ನೂ 'ಏನು ಗತ್ತು!' ಅಂದರು.

ಬೈಗುಳ ಕಲಿಸಲು ಕಂಪನಿ ಒಬ್ಬ ಮೇಷ್ಟ್ರನ್ನೂ ಗೊತ್ತು ಮಾಡಿತು. ಮೊದಲು ಲಾರಿ ಓಡಿಸುತ್ತಿದ್ದವರಂತೆ. ಎರಡನೇ ಪಾಠಕ್ಕೇ ಅವರು ಕೈ ಚೆಲ್ಲಿ ಕೂತರು. ತಮ್ಮ ಕನ್ನಡಿಯೆದುರು ನಿಂತು, ಉಸಿರು ಎಳೆದು, ಬೆರಳು ತೋರಿಸಿ, "ಏಯ್... ನೀವು..." ಅನ್ನುತ್ತಿದ್ದ. ಮುಂದೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಬೇರೆಯವರೂ ಎಚ್ಚೆತ್ತರು. ಒಬ್ಬ ಮೂರು ಬೀಪಿನ ಹಾಡು ತಂದ, ಇನ್ನೊಬ್ಬ ಏಳು ಬೀಪಿನದು. ಕೊನೆಗೆ ಒಬ್ಬ ಪುಣ್ಯಾತ್ಮ ಮೊದಲಿಂದ ಕೊನೆಯವರೆಗೂ ಬೀಪನ್ನೇ ಬಿಟ್ಟ. ವಿಮರ್ಶಕರು ಅವನನ್ನು ಧೈರ್ಯಶಾಲಿ ಎಂದು ಹೊಗಳಿ, ಸಾಹಿತ್ಯಕ್ಕೆ ಪ್ರಶಸ್ತಿ ಕೊಟ್ಟರು.

ನಮ್ಮ ಅಂಗಡಿಯಲ್ಲಿ ಬೇರೆಯೇ ನಾಟಕ. ಒಂದು ಮಧ್ಯಾಹ್ನ ಮನೆ ಮಾಲೀಕರು ಬಂದು, ಗಿರಾಕಿಗಳೆಲ್ಲ ಹೋಗುವವರೆಗೂ ಕಾದು, ಅಮ್ಮನ ಎದುರು ಬಗ್ಗಿದರು.

"ಅಮ್ಮಾ, ಆ ಬೀಪ್ ಇದೆಯಲ್ಲ, ಅದು ನನ್ನ ಬಗ್ಗೆ ತಾನೆ? ಊರಾಚೆ ಇನ್ನೊಂದು ಸಂಸಾರ ಇಟ್ಟಿದ್ದೀನಿ ಅಂತ ತಾನೆ? ನನ್ನ ಅಂಗಿ ನೋಡಿ ಹೇಗೆ ಕಂಡುಹಿಡಿದ್ರಿ?"

ಅಮ್ಮ ಮೂಗಿನ ಮೇಲೆ ಬೆರಳಿಟ್ಟಳು. ಅವರು ಹೋದ ಮೇಲೆ ದಂತವೈದ್ಯರು ಬಂದರು. ತಾವು ಪರೀಕ್ಷೆ ಪಾಸು ಮಾಡಿದ ಬಗೆಯನ್ನು ಹಾಡಿನಲ್ಲಿ ಹಾಕಿದ್ದು ತಪ್ಪು ಎಂದು ಕಣ್ಣೀರಿಟ್ಟರು. ಹಿಂದೆ ಅಮ್ಮನ ಹಲ್ಲು ಮುರಿದಾಗ ಅದಕ್ಕೆ ಕೈ ಹಾಕಿದ್ದು ಅವರೇ. ಹೀಗೆ ಬೀದಿಯ ಗುಟ್ಟೆಲ್ಲ ಬೇಡವೆಂದರೂ ಬಂದು ಅಮ್ಮನ ಇಸ್ತ್ರಿ ಮೇಜಿನ ಮೇಲೆ ಬಿದ್ದವು. ಇಷ್ಟು ಜನ ತಪ್ಪಿಯೂ ಬೆವರನ್ನು ಊಹಿಸಲಿಲ್ಲವೆಂದರೆ ಅಲ್ಲಿ ಬೆವರಿರಲು ಸಾಧ್ಯವೇ ಇಲ್ಲ ಎಂದು ಅಮ್ಮನಿಗೆ ಖಾತ್ರಿಯಾಯಿತು.

ತಮ್ಮ ಸೊರಗಿದ. ಒಂದು ಸಂಜೆ, ಅಮ್ಮ ಹಿಂದಿನ ಕೋಣೆಯಲ್ಲಿದ್ದಾಗ, ನನ್ನ ಪಕ್ಕ ಬಂದು ಕೂತ.

"ಅಕ್ಕಾ, ಬರೋ ಭಾನುವಾರದ ಶೋಗೆ ಅಮ್ಮನ್ನ ಕರ್ಕೊಂಡು ಬಾ. ಎಲ್ಲರೆದುರು ಬೀಪ್ ಇಲ್ದೆ ಹಾಡ್ತೀನಿ. ಅಷ್ಟು ಜನರ ಮುಂದೆ ಸುಳ್ಳು ಹೇಳಕ್ಕೆ ನನ್ನ ಕೈಲಿ ಆಗಲ್ಲ ಅಂತ ಅಮ್ಮನಿಗೂ ಗೊತ್ತು."

"ಕಂಪನಿಯವರು ಒದ್ದು ಓಡಿಸ್ತಾರೆ ಕಣೋ. ಎಲ್ಲಾ ಮುಗಿದೇ ಹೋಗತ್ತೆ."

"ಮುಗೀಲಿ ಬಿಡು. ಊರೆಲ್ಲಾ ನನ್ನ ಹೆಸರು ಕೂಗತ್ತೆ, ಅಮ್ಮ ನನ್ನ ಹೆಸರು ಹಿಡಿದು ಕರೆದು ಎಷ್ಟು ದಿನ ಆಯ್ತು ಹೇಳು."

ನನಗೆ ಆ ಕ್ಷಣ ಅಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಮ್ಮ ಜಪ್ಪಯ್ಯ ಅಂದರೂ ಬರಲೊಲ್ಲೆ ಅಂದಳು. "ಒಂದೇ ಸಲ ನಿನ್ನ ಕಿವಿಯಿಂದ ಕೇಳು, ಆಮೇಲೆ ಜನ್ಮದಲ್ಲಿ ಕೇಳಬೇಡ" ಎಂದು ಜಗಳವಾಡಿ ಹೊರಡಿಸಿದೆ. ಕಿವಿಗೆ ಹತ್ತಿ ತುರುಕಿಕೊಂಡು ಬಂದಳು. ಎರಡನೇ ಸಾಲಿನಲ್ಲಿ ಕೂತೆವು. ಹಾಲ್ ತುಂಬಿ ತುಳುಕುತ್ತಿತ್ತು. ನಮ್ಮ ಮುಂದೆ ಒಬ್ಬ ಅಪ್ಪ ಪುಟ್ಟ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಶೋಗಳಲ್ಲಿ ಬೀಪಿನ ಜಾಗ ಬಂದಾಗ ತಮ್ಮ ಮೈಕನ್ನು ಜನರ ಕಡೆ ತಿರುಗಿಸುವುದು ವಾಡಿಕೆ. ತಮತಮಗೆ ಬೇಕಾದ ಬೈಗುಳವನ್ನು ಜನರೇ ಕೂಗುತ್ತಿದ್ದರು. ಅದಕ್ಕಾಗಿಯೇ ಬರುತ್ತಿದ್ದರು. ಮನೆಯಲ್ಲಿ, ಆಫೀಸಿನಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಟಿಕೆಟ್ ತೆಗೆದುಕೊಂಡು ಉಗುಳುವುದು.

ಹಾಡು ಶುರುವಾಯಿತು. ನಾನು ಅಮ್ಮನ ಕಿವಿಯ ಹತ್ತಿ ಕಿತ್ತೆ.

"ಬಿಳಿ ಬಿಳಿ ಅಂಗಿ, ಒಳಗೆಲ್ಲ..." ಅಪ್ಪನೂ ಹೆಗಲ ಮೇಲಿನ ಮಗಳೂ ಬಾಯಿ ತೆರೆದರು. ಆದರೆ ತಮ್ಮ ಕೈಯೆತ್ತಿ ಸಂಗೀತ ನಿಲ್ಲಿಸಿದ.

"ಇವತ್ತು ನೀವು ಕೂಗ್ಬೇಡಿ. ನಾನೇ ಹೇಳ್ತೀನಿ."

ಮೊಬೈಲುಗಳು ಮೇಲೆದ್ದವು. ವೇದಿಕೆಯ ಪಕ್ಕದಲ್ಲಿ ಕಪ್ಪು ಕನ್ನಡಕ ಮೊದಲ ಸಲ ಕನ್ನಡಕ ತೆಗೆದ.

"ಒಳಗೆಲ್ಲ ಬೆವರು" ಅಂದ ತಮ್ಮ. "ಬೆವರು. ಅಷ್ಟೇ. ಮೊದಲಿಂದಲೂ ಅದೇ ಇದ್ದದ್ದು. ನಮ್ಮಮ್ಮನ ಅಂಗಡಿ ಹಾಡು ಇದು."

ಅಮ್ಮ ನನ್ನ ಕೈ ಹಿಡಿದಳು. "ಬೆವರೇನೇ?" ಅಂದಳು, ಮಗುವಿನ ಹಾಗೆ.

"ಬೆವರೇ ಅಮ್ಮಾ."

ಜನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗಲಾಟೆಯೆದ್ದಿತು. "ಮೋಸ! ಮೋಸ!" ನಾವು ಎಷ್ಟು ತಿಂಗಳು ಬೆವರಿಗೆ ಕುಣಿದೆವು ಎಂದು ಒಬ್ಬಳು ಅತ್ತೇ ಬಿಟ್ಟಳು. ಯಾರೋ ಎಸೆದ ನೀರಿನ ಬಾಟಲಿ ತಮ್ಮನ ಹಣೆಗೆ ತಗುಲಿತು. ಅವನು ಬಾಟಲಿಗೆ ಸಾರಿ ಹೇಳಿದ ಹಾಗಿತ್ತು. ಪಕ್ಕದಲ್ಲಿ ತಮ್ಮನಂತೆಯೇ ಹಿತ್ತಾಳೆ ಸರ ಹಾಕಿಕೊಂಡಿದ್ದ ಅಭಿಮಾನಿಯೊಬ್ಬ ಎದ್ದು ನಿಂತು, "ಥೂ! ಯಾವ ತಾಯಿ ಹೆತ್ತಳೋ ಇಂಥ ಕಳ್ಳನ್ನ!" ಎಂದು ಕೂಗಿದ.

ಅಮ್ಮ ಕುರ್ಚಿಯ ಮೇಲೆ ಹತ್ತಿದ್ದನ್ನು ನಾನು ನೋಡಲಿಲ್ಲ. ನೋಡುವಷ್ಟರಲ್ಲಿ ಅಲ್ಲಿದ್ದಳು. ಅವನ ಕಡೆಗೆ, ಆಮೇಲೆ ಇಡೀ ಹಾಲಿನ ಕಡೆಗೆ ತಿರುಗಿ, ಒಂದೇ ಒಂದು ಮಾತು ಒದರಿದಳು. ಅದನ್ನು ನಾನಿಲ್ಲಿ ಬರೆಯಲಾರೆ. ಹೊರಗಡೆ ಬೇಕಾದಷ್ಟು ಕಲಿತಿದ್ದ ನಾನೇ ಅದನ್ನು ಕೇಳಿರಲಿಲ್ಲ. ಜೀವಮಾನವೆಲ್ಲ ಇನ್ನೊಬ್ಬರ ಬಟ್ಟೆ ಹಿಡಿದಿದ್ದಳು. ಆ ಸಂಜೆ ಅಮ್ಮನ ಕೈ ಖಾಲಿ ಇತ್ತು.

ಮರುಕ್ಷಣ ಸೂರು ಹಾರಿ ಹೋಗುವಂಥ ಚಪ್ಪಾಳೆ. "ಒನ್ಸ್ ಮೋರ್! ಒನ್ಸ್ ಮೋರ್!"

ಮಾರನೆಯ ಬೆಳಿಗ್ಗೆ ಎಲ್ಲ ಚಾನೆಲ್‌ಗಳಲ್ಲೂ ಅಮ್ಮ. ಕುರ್ಚಿ ಹತ್ತುತ್ತಾಳೆ, ಬಾಯಿ ತೆರೆಯುತ್ತಾಳೆ, ಬೀ...ಪ್. ಅಮ್ಮ ನಾಚಿಕೆಯಿಂದ ಹಿಡಿಯಾಗಿಬಿಟ್ಟಳು. ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡು, ತಲೆ ಎತ್ತದೆ ಉಜ್ಜುತ್ತಿದ್ದಳು. ಕೆಲಸ ಕಳೆದುಕೊಂಡ ತಮ್ಮ ಹಿತ್ತಾಳೆ ಸರ ವಾಪಸು ಕೊಟ್ಟು ಬಂದು, ಏನೂ ನಡೆದೇ ಇಲ್ಲವೆಂಬಂತೆ ಪಕ್ಕದಲ್ಲಿ ನಿಂತು ನೀರು ಚಿಮುಕಿಸತೊಡಗಿದ. ಇಬ್ಬರ ನಡುವೆ ಮಾತಿಲ್ಲ. ಈಗ ಬಾಯಿ ಬಾರದವಳು ಅಮ್ಮ.

ಮಧ್ಯಾಹ್ನಕ್ಕೆ ಕಪ್ಪು ಕನ್ನಡಕ ಬಾಗಿಲಲ್ಲಿ ಬಗ್ಗಿದ. ಬಾಗಿಲ ಪಟ್ಟಿಗೆ ಹಣೆ ಬಡಿದುಕೊಂಡು ಒಳಗೆ ಬಂದು ಹಲ್ಲು ಗಿಂಜಿದ.

"ಅಮ್ಮಾ, ನಿಮ್ಮಂಥ ಪ್ರತಿಭೆ ನಾನು ನೋಡಿಲ್ಲ. 'ಬಾಂಬಮ್ಮ' ಅಂತ ಹೆಸರಿಡೋಣ. ನಿನ್ನೆ ಸಂಜೆ ಅಂದ್ರಲ್ಲ ಆ ಮಾತು, ಅದನ್ನ ಒಂದೇ ಸಲ ಬಂದು ಮೈಕಲ್ಲಿ ಹೇಳಿ. ಯಾವ ಮಾತು ಅದು? ಗಲಾಟೆಯಲ್ಲಿ ನನಗೆ ಸರಿಯಾಗಿ ಕೇಳಿಸ್ಲಿಲ್ಲ."

ಅಮ್ಮನ ಕೈ ನಿಂತಿತು. ಮುಖ ಕೆಂಪೇರಿತು. ಅವಳು ಮೊದಲು ನೋಡಿದ್ದು ನನ್ನನ್ನಲ್ಲ, ತಮ್ಮನನ್ನು.

ತಮ್ಮ ಮಡಚುತ್ತಿದ್ದ ಅಂಗಿಯಿಂದ ಕಣ್ಣೆತ್ತಲಿಲ್ಲ. "ಬೆವರು ಅಂದ್ರು ಸಾರ್" ಅಂದ.

"ಏನು?"

"ನಮ್ಮಮ್ಮ ಅಂದದ್ದು ಬೆವರು ಅಂತ. ನಾನು ಎದುರಿಗೇ ಇದ್ದೆ, ಚೆನ್ನಾಗಿ ಕೇಳಿಸ್ತು."

"ಯಾರ ಕಿವಿ ಮೇಲೆ ಹೂವಿಡ್ತೀಯಯ್ಯಾ? ಬೆವರು ಅಂದ್ರೆ ಯಾರಾದ್ರೂ ಬೀಪ್ ಹಾಕ್ತಾರಾ?"

ತನ್ನದೇ ಮಾತು ಇನ್ನೊಬ್ಬರ ಬಾಯಲ್ಲಿ ಹೇಗಿರುತ್ತದೆ ಎಂದು ಅಮ್ಮ ಕೇಳಿಸಿಕೊಂಡಳು. ಅವಳ ಕಣ್ಣು ತುಂಬಿದ್ದು ನನಗೆ ಕಂಡಿತು.

"ಹಾಕ್ತಾರಪ್ಪ," ಅಂದಳು ಕೊನೆಗೆ. "ನೀನೇ ಹಾಕಿದ್ದಲ್ವಾ? ಹೋಗು, ಬಟ್ಟೆ ತಂದಿದ್ರೆ ಕೊಡು, ಇಲ್ದಿದ್ರೆ ಬಾಗಿಲು ಬಿಡು, ಗಾಳಿ ಬರ್ಲಿ."

ಅವನು ಹೋದ. ಅಮ್ಮ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. "ನಿನ್ನ ತಮ್ಮನಿಗೆ ಹೇಳು" ಎಂದು ನನ್ನ ಕಡೆ ತಿರುಗಿದವಳು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ಅವನ ಕಡೆಗೇ ತಿರುಗಿ, ಸರದ ಪಾಚಿಬಣ್ಣ ಹತ್ತಿದ್ದ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ಮಗುಚಿ ನೋಡಿದಳು.

"ಬಿಚ್ಚಿ ಕೊಡೋ ಪುಟ್ಟಾ ಇದನ್ನ, ಒಗೆದು ಇಸ್ತ್ರಿ ಮಾಡ್ಕೊಡ್ತೀನಿ" ಅಂದಳು. "ನೋಡು, ಒಳಗೆಲ್ಲ ಬೆವರು."