ಸೊಟ್ಟ ಹೊಲಿಗೆ

"ಸೊಟ್ಟ ಹೊಲಿಯೇ ಅಂದ್ರೆ ನೇರ ಹೊಲ್ದಿದೀಯಲ್ಲೇ, ದರಿದ್ರ ಮುಂಡೆ!"

ಸಾಹುಕಾರ ಎಸೆದ ಚಪ್ಪಲಿ ಅಕ್ಕನ ಭುಜಕ್ಕೆ ತಾಗಿ ಅಂಟಿನ ಡಬ್ಬಿಯ ಪಕ್ಕ ಬಿತ್ತು. ಅಕ್ಕ ಅದನ್ನೆತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಅಂಚಿನ ಹೊಲಿಗೆ ಗೆರೆ ಎಳೆದಂತಿತ್ತು.

"ಕೈ ತಪ್ತು ಸಾಹುಕಾರ್ರೆ. ಏನೋ ಯೋಚ್ನೆಲಿದ್ದೆ, ಚೆನ್ನಾಗಿ ಹೊಲ್ದುಬಿಟ್ಟೆ."

"ಯೋಚ್ನೆ ಬೇರೆ ಮಾಡ್ತೀಯಾ? ಆ ಹ್ಯಾಟಿನ ಹೆಂಗಸು 'ಇದು ನಾನು ಹೊಲ್ದಿದ್ದಲ್ಲ' ಅಂತ ಕೂತಿದಾಳೆ. ನಿಮ್ಮಪ್ಪ ಬಂದು ಉತ್ತರ ಹೇಳ್ತಾನಾ?"

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ತಂಗಿ ಅಕ್ಕನ ಕಡೆ ನೋಡಲಿಲ್ಲ, ಸಾಹುಕಾರನ ಕಡೆಯೂ ನೋಡಲಿಲ್ಲ. ಲೋಟಗಳನ್ನು ಸರಿಯಾಗಿ ಜೋಡಿಸಿಕೊಂಡು ಮುಂದಿನ ಕೋಣೆಗೆ ಹೋದಳು.

ಮುಂದಿನ ಕೋಣೆಯಲ್ಲಿ ಪರದೆಗಳಿದ್ದವು, ಚರ್ಮದ ನಾತ ಮುಚ್ಚಲು ಸುಗಂಧದ ಎಣ್ಣೆಯ ಬಟ್ಟಲುಗಳಿದ್ದವು. ಊರು ನೋಡಲು ಬಂದವರು ಅಲ್ಲಿ ಕೂತು, ತಂಗಿ ಹೇಳಿಕೊಟ್ಟ ಹಾಗೆ, ಒಂದೇ ಮಧ್ಯಾಹ್ನದಲ್ಲಿ ತಮ್ಮ ಚಪ್ಪಲಿ ತಾವೇ ಹೊಲಿದುಕೊಳ್ಳಬೇಕು. ಒಂದು ಮಧ್ಯಾಹ್ನದಲ್ಲಿ ಚಪ್ಪಲಿ ಹೊಲಿಯಲು ಕಲಿತವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಅದಕ್ಕೇ ಅವರು ಚಹಾ ಕುಡಿಯುವಾಗ, ಮೆರುಗು ಹಚ್ಚಿ ತರುತ್ತೇವೆಂಬ ನೆಪದಲ್ಲಿ ಚಪ್ಪಲಿಗಳು ಹಿಂದಿನ ಕೋಣೆಗೆ ಬರುತ್ತಿದ್ದವು. ಅಕ್ಕ ಎಲ್ಲವನ್ನೂ ಬಿಚ್ಚಿ, ಗಟ್ಟಿಯಾಗಿ ಹೊಲಿದು, ಅವರೇ ಹೊಲಿದದ್ದೆಂದು ಕಾಣಲು ಅಂಚಿನಲ್ಲಿ ಅವರವರ ಸೊಟ್ಟವನ್ನು ಹಾಗೇ ತಿರುಗಿ ಹಾಕಿಕೊಡುತ್ತಿದ್ದಳು.

"ಇವನ ಹೊಲಿಗೆ ನೋಡೆ, ಕುಡಿದ ಕೋಳಿ ನಡೆದಂಗಿದೆ," ಎಂದು ತಂಗಿಯನ್ನು ನಗಿಸುತ್ತಿದ್ದಳು. "ಇವಳು ಹೊಲೀತಾ ಹೊಲೀತಾ ಗಂಡನ ಜೊತೆ ಜಗಳ ಆಡಿದಾಳೆ. ಇಗೋ, ಇಲ್ಲಿಂದ ಇಲ್ಲೀವರೆಗೆ."

ಅಕ್ಕನ ಕೈ ಮುಂದಿನ ಕೋಣೆಗೆ ಬರುವಂಥದ್ದಲ್ಲ. ಮನೆಮಂದಿಯೆಲ್ಲ ತೊಗಲು ಹದ ಮಾಡುತ್ತಿದ್ದ ಕಾಲದಲ್ಲಿ, ಕೂದಲು ಕಳಚಲೆಂದು ತೊಗಲನ್ನು ಸುಣ್ಣದ ತೊಟ್ಟಿಯಲ್ಲಿ ನೆನೆಹಾಕುತ್ತಿದ್ದರು. "ನೀ ಹೋಗೆ, ಆಡ್ಕೋ ಹೋಗು" ಎಂದು ತಂಗಿಯ ಪಾಲಿನದನ್ನೂ ಎತ್ತಿದವಳು ಅಕ್ಕ. ಸುಣ್ಣಕ್ಕೆ ಉಗುರುಗಳು ಹೋದವು. ಬೆರಳುಗಳು ಬಿರಿದು, ಬಿರಿದಲ್ಲೇ ಗಟ್ಟಿಯಾದವು. ಸಾಹುಕಾರ ಇಬ್ಬರನ್ನೂ ಕೆಲಸಕ್ಕೆ ಸೇರಿಸಿಕೊಂಡ ದಿನ, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಇಬ್ಬರ ಕೈಗಳನ್ನೂ ತಿರುಗಿಸಿ ನೋಡಿ, ತಂಗಿಗೆ "ನೀನು ಮುಂದೆ" ಅಂದಿದ್ದ.

ಹ್ಯಾಟಿನ ಹೆಂಗಸು ಚಹಾ ಮುಟ್ಟಲಿಲ್ಲ. ಎದ್ದವಳೇ ಪರದೆ ಸರಿಸಿ ಸೀದಾ ಹಿಂದಿನ ಕೋಣೆಗೆ ನುಗ್ಗಿದಳು. ಸಾಹುಕಾರ "ಮೇಡಂ, ಮೇಡಂ" ಎನ್ನುತ್ತ ಹಿಂದೆ ಓಡಿದ. ಅವನ ಹಿಂದೆ ತಂಗಿ. ಅಷ್ಟರಲ್ಲಿ ಅಕ್ಕ ಚಪ್ಪಲಿಯನ್ನು ಚರ್ಮದ ತುಂಡುಗಳ ಕೆಳಗೆ ತಳ್ಳಿ ಎದ್ದು ನಿಂತಿದ್ದಳು. ಕೈಗಳನ್ನು ಎಲ್ಲಿಡುವುದೆಂದು ಗೊತ್ತಾಗದೆ ಹಾಗೇ ಮುಂದೆ ಹಿಡಿದುಕೊಂಡಿದ್ದಳು.

ಹೆಂಗಸು ಆ ಕೈಗಳನ್ನೇ ನೋಡಿದಳು. ಆಮೇಲೆ ತಂಗಿಯ ಕಡೆ ತಿರುಗಿ, ಇವರು ಯಾರು ಎಂದು ತನ್ನ ಭಾಷೆಯಲ್ಲಿ ಕೇಳಿದಳು.

ಸಾಹುಕಾರ ತಂಗಿಯನ್ನು ದಿಟ್ಟಿಸಿದ. ದಿನವೂ ಬಂದುಹೋಗುವವರಿಂದ ಕೇಳಿ ಕೇಳಿ ತಂಗಿ ಆ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದಳು. ಅಕ್ಕ ಎನ್ನುವುದಕ್ಕೆ ಪದ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಕಸ ಗುಡಿಸುವವಳು ಎನ್ನುವುದಕ್ಕೆ ಗೊತ್ತಿರಲಿಲ್ಲ. ಅವಳು ಸ್ವಲ್ಪ ಬಗ್ಗಿ, ಇಲ್ಲದ ಪೊರಕೆಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿ ತೋರಿಸಿದಳು.

ಅಕ್ಕನಿಗೆ ಭಾಷೆ ಬರದು. ಕೈಸನ್ನೆಗೆ ಯಾವ ಭಾಷೆ? ಅವಳು ಒಂದು ಗಳಿಗೆ ತಂಗಿಯ ಮುಖ ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು, ಬಗ್ಗಿ, ಚರ್ಮದ ಚೂರುಗಳನ್ನು ಗುಡಿಸತೊಡಗಿದಳು. ನೀಟಾಗಿ, ಗೋಡೆಯಂಚಿನಿಂದ. ಹೆಂಗಸು ಪೊರಕೆ ಹಿಡಿದ ಕೈಗಳ ಫೋಟೋ ತೆಗೆದುಕೊಂಡು ಸಮಾಧಾನದಿಂದ ಹೊರಗೆ ಹೋದಳು.

"ಭಲೇ," ಅಂದ ಸಾಹುಕಾರ, ತಂಗಿಯ ಬೆನ್ನು ತಟ್ಟಿ. "ನೀನು ಉದ್ಧಾರ ಆಗ್ತೀಯ."

ಅಂಗಡಿಯ ಹಿತ್ತಲಿನ ಒಂಟಿ ರೂಮು ಇಬ್ಬರ ಮನೆ, ಅದೂ ಸಾಹುಕಾರನದೇ. ಸಂಜೆ ಅಕ್ಕ ಎಂದಿನಂತೆ ಮೊದಲು ತಂಗಿಗೆ ಬಡಿಸಿದಳು. ಬೈದಿದ್ದರೆ ತಂಗಿಗೆ ತುತ್ತು ಇಳಿಯುತ್ತಿತ್ತು.

"ಅಕ್ಕ ಅನ್ನೋದಕ್ಕೆ ಅವರ ಭಾಷೇಲಿ ಏನಂತಾರೋ ಗೊತ್ತಾಗ್ಲಿಲ್ಲ ಕಣೆ," ಅಂದಳು ತಂಗಿ.

"ಹ್ಞೂಂ. ತಣ್ಣಗಾಗುತ್ತೆ, ತಿನ್ನು."

ಮುಂದಿನ ವಾರ ಸಾಹುಕಾರ ಹಿಂದಿನ ಕೋಣೆಗೆ ತಾನೇ ಬಂದ. ಬಾಯಲ್ಲಿ ಬೆಲ್ಲ. ಆ ಫೋಟೋ ಎಲ್ಲೆಲ್ಲೋ ಹರಿದಾಡಿ, ಬರುವವರೆಲ್ಲ ಆ ಕೈ ಎಲ್ಲಿ ಎಂದು ಕೇಳುತ್ತಿದ್ದಾರಂತೆ.

"ನಾಳೆಯಿಂದ ನೀನೂ ಮುಂದೇನೇ. ಹೊಲಿಯೋದು ಬೇಡ, ಏನೂ ಬೇಡ. ಕುರ್ಚಿ ಹಾಕಿಸ್ತೀನಿ. ಕೈ ಕಾಣೋ ಹಾಗೆ ಕೂತ್ಕೊ, ಅಷ್ಟೇ. ಮುಟ್ಟಿ ನೋಡ್ತಾರೆ, ನೋಡ್ಕೊಂಡು ಹೋಗ್ಲಿ. ಸವೆದು ಹೋಗ್ತೀಯಾ?" ಹೊರಡುವಾಗ ಬಾಗಿಲಲ್ಲಿದ್ದ ತಂಗಿಯ ಕಿವಿಯ ಹತ್ತಿರ ಬಗ್ಗಿದಾಗ ಬೆಲ್ಲ ಕರಗಿತ್ತು. "ಒಪ್ಪಿಸು. ಇಲ್ಲಾಂದ್ರೆ ಇಬ್ರೂ ಗಂಟುಮೂಟೆ ಕಟ್ಟಿ."

ತಂಗಿ ಅಕ್ಕನ ಎದುರು ಕುಕ್ಕರಗಾಲಲ್ಲಿ ಕೂತಳು. ವಾರದಿಂದ ಎದೆಯ ಮೇಲೆ ಕೂತದ್ದು ಈಗ ಇಳಿಯುತ್ತದೆ ಎನಿಸಿ ಮಾತು ತಡೆಯಿಲ್ಲದೆ ಬಂತು.

"ಬಾರೇ ಅಕ್ಕ. ನನ್ನ ಪಕ್ಕದಲ್ಲೇ ಕುರ್ಚಿ. ಬಂದೋರಿಗೆಲ್ಲ ನಾನೇ ಹೇಳ್ತೀನಿ, ಇವಳು ನನ್ನ ಸ್ವಂತ ಅಕ್ಕ, ನಂಗೆ ಕಲಿಸಿದ್ದೇ ಇವಳು ಅಂತ."

"ಅವರ ಭಾಷೇಲಿ?"

"ಹ್ಞೂಂ, ಅವರ ಭಾಷೇಲೇ."

"ಆ ಪದ ಯಾವಾಗ ಕಲ್ತೆ?"

ತಂಗಿ ಕೆಳಗೆ ಬಿದ್ದಿದ್ದ ಚರ್ಮದ ಚೂರೊಂದನ್ನು ಎತ್ತಿ ಮಡಿಸತೊಡಗಿದಳು. ಮುಖಕ್ಕೆ ಏರಿದ ಬಿಸಿ ಕಿವಿಯವರೆಗೂ ಹೋಯಿತು.

ಮುಂದಿನ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದು. "ಏನಂದ್ಲೇ ನಿಮ್ಮಕ್ಕ?" ಎಂದು ಸಾಹುಕಾರ ಅಲ್ಲಿಂದಲೇ ಕೂಗಿದ.

ಅಕ್ಕ ದಾರಕ್ಕೆ ಮೇಣ ಉಜ್ಜುತ್ತಿದ್ದಳು. ತಲೆ ಎತ್ತಲಿಲ್ಲ. ಅವನಿಗೂ ಕೇಳುವಷ್ಟು ಗಟ್ಟಿಯಾಗಿ, ತಂಗಿಗೇ ಹೇಳಿದಳು:

"ನಾನು ಕೂರಲ್ಲ."